ಬೆದೆಗೆ ಬಾರದ ಆಕಳು, ಸುಮ್ಮನಿರದ ಮಂದಿ

ದನದ ಡಾಕ್ಟರಿಗೆ ದನಗಳು ಕೊಡುವ ಕಾಟ ಕಡಿಮೆ. ಆ ಕೊರತೆಯನ್ನು ಮನೆಯವರು ತುಂಬಿಕೊಡುತ್ತಾರೆ. ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳನ್ನು ಬೈಕಿನ ಮೇಲೆ ಸುತ್ತುವ ನನಗೆ ವಾರಕ್ಕೊಂದು ಇಂಥ ಪ್ರಸಂಗ ಗ್ಯಾರಂಟಿ. ಮೋರಖಂಡಿಯ ಒಂದೇ ಆಕಳು ಮೂರು ಕೊಟ್ಟಿತು.

೧. ಸೋಮವಾರ

ಆಕಳು ಈದು ಐದು ತಿಂಗಳಾಗಿದ್ದರೂ ಬೆದೆಗೆ ಬಂದಿರಲಿಲ್ಲ. "ಈ ಸಲ ಗಬ್ಬ ಆಗಲಿಲ್ಲಂದ್ರ ಮಾರೇ ಬಿಡತೀನ್ರಿ" ಎಂದ ಮನೆಯ ಮಗ. ಅದನ್ನು ಕರುವಿನಿಂದ ಸಾಕಿದ ಅವನ ಮುದಿ ತಾಯಿ, ಆಕಳ ಕೊರಳು ತಬ್ಬಿ ನಿಂತಿದ್ದಳು.

ನಾನು ಹಾರ್ಮೋನ್ ಸೂಜಿ ತೆಗೆದದ್ದೇ ತಡ, ಅಜ್ಜಿ ಅಡ್ಡ ಬಂದಳು. "ಇವತ್ತ ಸೋಮವಾರ ಅದರಿ. ನಮ್ಮ ಮನ್ಯಾಗ ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ. ಆಕಳಿಗೆ ಸೂಜಿ ಹ್ಯಾಂಗ ಚುಚ್ಚತೀರಿ?"

ಅಂಗಳದಲ್ಲಿ ಸೊಸೆ ಬೆವರು ಸುರಿಸುತ್ತ ಕಟ್ಟಿಗೆ ಒಡೆಯುತ್ತಿದ್ದಳು. "ಇವರಿಗಿಲ್ಲೇನ್ರಿ ಸೋಮವಾರ?" ಎಂದೆ.

"ಆಕಿ ಏನ್ ಎತ್ತೇನ್ರಿ?"

ಸೊಸೆ ಕೊಡಲಿ ಕೆಳಗಿಟ್ಟು, "ಆಗಿದ್ರ ಭೇಷಿತ್ತರಿ" ಎಂದಳು.

೨. ಚಪ್ಪಲಿ

ಮಂಗಳವಾರ ಸೂಜಿ ಹಾಕಿ, ಹಾರ್ಮೋನ್ ತುಂಬಿದ ಪುಟ್ಟ ಸಾಧನವೊಂದನ್ನು ಆಕಳ ಒಳಗಿಟ್ಟೆ. ಏಳನೇ ದಿನ ಎಳೆದು ತೆಗೆಯಲೆಂದು ಅದರ ದಾರ ಬಾಲದ ಕೆಳಗೆ ಜೋತಾಡುತ್ತಿರುತ್ತದೆ. ದಾರಕ್ಕೆ ಕೈ ಹಚ್ಚಬೇಡಿ ಎಂದು ಮನೆಯವರಿಗೆಲ್ಲ ಹೇಳಿದೆ. ನೆರೆಮನೆಯವರಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಮರುದಿನವೇ ಮಗನ ಫೋನು. "ಸಾಹೇಬ್ರ, ದಾರಕ್ಕ ಚಪ್ಲಿ ಜೋತ್ ಬಿದ್ದಾದ. ಲಗೂನ ಬರ್ರಿ!"

ಈದ ಆಕಳ ಮಾಸು, ಅಂದರೆ ಕರುವಿನ ಹಿಂದೆ ಬೀಳಬೇಕಾದ ಚೀಲ, ಬೀಳದೆ ಜೋತಾಡುತ್ತಿದ್ದರೆ, ಭಾರಕ್ಕೆ ಇಳಿಯಲಿ ಎಂದು ಹಳೇ ಚಪ್ಪಲಿ ಕಟ್ಟುವುದು ನಮ್ಮ ಕಡೆಯ ರೂಢಿ. ದಾರವನ್ನು ಕಂಡ ನೆರೆಮನೆಯ ಹಿರಿಯ ಉಪಕಾರ ಮಾಡಿಬಿಟ್ಟಿದ್ದ. ಪುಣ್ಯಕ್ಕೆ ಸಾಧನ ಇನ್ನೂ ಒಳಗೇ ಇತ್ತು. ಚಪ್ಪಲಿ ಬಿಚ್ಚಿ ರೇಗಿದೆ: "ಕಾಕಾ, ಈದು ಐದ ತಿಂಗಳಾದ ಮ್ಯಾಲ ಎಲ್ಲೀದ್ರಿ ಮಾಸು?"

ಅವನು ಕೈ ಚಾಚಿದ. "ಚಪ್ಲಿ ಕೊಡ್ರಿ, ಇದರ ಜೋಡಿ ಮನ್ಯಾಗ ಅದ."

೩. ಗಿರಾಕಿ

ಏಳನೇ ದಿನ ಸಾಧನ ತೆಗೆದು ಇನ್ನೊಂದು ಸೂಜಿ ಹಾಕಿದೆ. ಆಕಳು ಬೆದೆಗೆ ಬಂತು, ಕೃತಕ ಗರ್ಭಧಾರಣೆಯೂ ಆಯಿತು. ಮೂರು ತಿಂಗಳಿಗೆ ಪರೀಕ್ಷೆಗೆ ಹೋದರೆ, ಮಗ ಆಗಲೇ ಮನ್ನಾಏಖೇಳ್ಳಿಯ ಗಿರಾಕಿಯನ್ನು ಕರೆಸಿ ಚಹಾ ಕೊಟ್ಟು ಕೂರಿಸಿದ್ದ. ಅಜ್ಜಿಯ ಮುಖ ನೋಡಿ ನನಗೇ ಸಂಕಟವಾಯಿತು. ಉದ್ದ ಗ್ಲೌಸ್ ಹಾಕಿ ಕೈ ಇಳಿಸಿ ನೋಡಿದೆ. ಗಬ್ಬ!

ಅಜ್ಜಿ ನಕ್ಕಳು. ಮಗ ಅವಳಿಗಿಂತ ಜೋರಾಗಿ ನಕ್ಕ. "ಕೇಳಿದ್ರಿಲ್ಲೋ? ಗಬ್ಬದ ಆಕಳ. ಈಗ ರೇಟ್ ಬ್ಯಾರೆ!" ಗಿರಾಕಿಯೂ ಹೂಂ ಎಂದ.

ಅಜ್ಜಿ ನಗು ನುಂಗಿ ಗಿರಾಕಿಯ ಪಕ್ಕ ಬಂದು ಕೂತಳು. "ಒಯ್ಯಪ್ಪಾ, ಒಯ್ಯಿ. ಖರೇ ಹೇಳಿಬಿಡತೀನಿ. ಇದು ಒದೀತದ. ತನ್ನ ಹಾಲ ತಾನೇ ಕುಡೀತದ. ನಮ್ಮ ಯಜಮಾನ್ರು ತೀರ್ಕೊಂಡಿದ್ದೂ ಇದರ ಕಾಲ್ಗುಣದಿಂದನೇ."

ಯಜಮಾನರು ಹೋಗಿದ್ದು ಆಕಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಗಿರಾಕಿಗೆ ಅದೆಲ್ಲ ಏನು ಗೊತ್ತು? ಅರ್ಧ ಚಹಾ ಬಿಟ್ಟು ಬೈಕ್ ಹತ್ತಿದ.

ಅಜ್ಜಿ ಓಡಿಹೋಗಿ ಆಕಳ ಕಿವಿಗೆ ಬಾಯಿ ಹಚ್ಚಿದಳು. "ಎಲ್ಲಾ ಸುಳ್ಳ ಹೇಳೀನಿ ನನ್ನವ್ವ, ಮನಸಿಗೆ ಹಚ್ಕೋಬ್ಯಾಡ."

ಆಕಳು ಹಚ್ಚಿಕೊಂಡಿತ್ತು. ಒದ್ದದ್ದು ಮಾತ್ರ ನನಗೆ.