ಒಂದೇ ಸಲ ಕೇಳುವ ಅಳಿಯ

ಬೇಕಾದದ್ದನ್ನು ಬೇಕು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅರವತ್ತು ದಾಟಿದ ಮೇಲೂ ನನಗೆ ಬಂದಿಲ್ಲ. ಇದು ನನ್ನೊಬ್ಬನ ರೋಗವಲ್ಲ, ನಮ್ಮ ಶಿರಸಿ ಕಡೆಯ ಮರ್ಯಾದಸ್ಥರಿಗೆಲ್ಲ ಇರುವಂಥದ್ದೇ. ಯಾರ ಮನೆಗೆ ಹೋದರೂ ಚಹಾ ಎಂದ ಕೂಡಲೇ ‘ಎಂತಕ್ಕೆ, ಈಗಷ್ಟೇ ಕುಡ್ಕಂಡು ಬಂದೆ’ ಎನ್ನಬೇಕು. ಎರಡನೆಯ ಸಲ ‘ಛೇ, ಸುಮ್ನೆ ತ್ರಾಸು’ ಎನ್ನಬೇಕು. ಮೂರನೆಯ ಸಲ ಸುಮ್ಮನಿರಬೇಕು. ಆಗ ಚಹಾ ಬರುತ್ತದೆ, ಹಿಂದೆಯೇ ಅವಲಕ್ಕಿಯೂ ಬರುತ್ತದೆ. ಊಟದಲ್ಲಂತೂ ಬಾಳೆಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಎನ್ನುತ್ತಿರುವಾಗ ಬೆರಳ ಸಂದಿಯಿಂದ ಪಾಯಸ ಇಳಿದರೇ ಅದು ಊಟ. ಕೇಳಿ ಬಡಿಸಿಕೊಂಡದ್ದು ಊಟವಲ್ಲ, ಹೋಟೆಲು.

ಇಂಥ ಮನೆಗೆ ಯಾನ್ ಅಳಿಯನಾಗಿ ಬಂದ. ಹಾಲೆಂಡಿನವನು, ಮರದ ಕೆಲಸ ಮಾಡುತ್ತಾನೆ. ಮಗಳು ಶ್ರುತಿ ಗೋವೆಯಲ್ಲಿ ನೌಕರಿಗಿದ್ದಾಗ ಆದ ಪರಿಚಯ. ಮದುವೆಯಲ್ಲಿ ಹೋಮವೂ ಆಯಿತು, ಉಂಗುರವೂ ಆಯಿತು, ಸಂಜೆಗೆ ಕೇಕೂ ಕತ್ತರಿಸಿದರು. ಎರಡು ದೇಶದ ಸಂಪ್ರದಾಯ ಎಷ್ಟು ಚೆಂದ ಬೆರೆಯಿತು ನೋಡಿ ಎಂದು ನಾನು ಮೈಕು ಹಿಡಿದು ಭಾಷಣವನ್ನೇ ಬಿಗಿದೆ. ಮಧ್ಯಾಹ್ನದ ಪಂಕ್ತಿಯಲ್ಲಿ ಬೀಗಿತ್ತಿಗೆ ಆದ ಗತಿ ನೋಡಿಯಾದರೂ ನಾನು ಎಚ್ಚರಗೊಳ್ಳಬೇಕಿತ್ತು. ಪಾಪ, ಅವರು ನಿಜವಾಗಿಯೇ ಸಾಕು ಎಂದಿದ್ದರು. ನಮ್ಮ ಬಡಿಸುವವರು ಯಾರೂ ನಂಬಲಿಲ್ಲ. ತಟ್ಟೆಗೆ ಬಿದ್ದದ್ದನ್ನು ಬಿಡಬಾರದು ಎಂಬುದು ಅವರ ಮನೆಯ ಶಿಸ್ತಂತೆ; ಹಾಕಿದ ಜಿಲೇಬಿಯನ್ನೆಲ್ಲ ತಿಂದರು. ತಿಂದದ್ದನ್ನು ಕಂಡು ಇವರು ಇನ್ನಷ್ಟು ಹಾಕಿದರು. ಮರುದಿನ ಅವರು ಹಾಸಿಗೆ ಬಿಟ್ಟು ಏಳಲಿಲ್ಲ.

ಯಾನ್ ಕನ್ನಡ ಕಲಿತ, ಪಂಚೆ ಉಡಲು ಕಲಿತ, ಅಂಗೈಯಲ್ಲಿ ತಂಬುಳಿ ಹಾಕಿಸಿಕೊಂಡು ಸುರ್ರೆಂದು ಹೀರುವುದನ್ನೂ ಕಲಿತ. ಆದರೆ ಬೇಡ ಎಂದವರನ್ನು ಮತ್ತೆ ಕೇಳುವುದು ಮಾತ್ರ ಅವನಿಂದಾಗದು. “ಮಾವ, ನಾನು ಮತ್ತೆ ಕೇಳಿದರೆ ನೀವು ಮೊದಲು ಸುಳ್ಳು ಹೇಳಿದಿರಿ ಎಂದಾಗುತ್ತದೆ. ಅದು ಅಗೌರವ” ಎಂದು ಪುಸ್ತಕದ ಕನ್ನಡದಲ್ಲಿ ನನಗೇ ತಿಳಿಹೇಳಿದ. ಚೌತಿಯ ದಿನ ತಾನೇ ಬಡಿಸುತ್ತೇನೆಂದು ಕಡುಬಿನ ಪಾತ್ರೆ ಹಿಡಿದು ಹೊರಟ. ನಾನು ಸಾಕು ಎಂದೆ, ಪಕ್ಕದಲ್ಲಿದ್ದ ಭಾವ ಬ್ಯಾಡ ಎಂದ, ಸಾಲಿಗೆ ಸಾಲೇ ಕೈ ಅಡ್ಡ ಹಿಡಿಯಿತು. ಎಲ್ಲರಿಗೂ ‘ಸರಿ’ ಎನ್ನುತ್ತ ತುಂಬಿದ ಪಾತ್ರೆಯನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋದ. ಒಂದು ದಿನ ಅವನನ್ನು ನನ್ನ ಪಾತ್ರೆ ಅಂಗಡಿಯಲ್ಲಿ ಕೂರಿಸಿದಾಗಲೂ ಅದೇ. ದಾಸನಕೊಪ್ಪ ಕಡೆಯ ಗೌಡರೊಬ್ಬರು ತಪ್ಪಲೆಯ ರೇಟು ಕೇಳಿ “ಭಾಳ ಆತು, ಬ್ಯಾಡ ಬಿಡ್ರಿ” ಎಂದು ಎದ್ದರಂತೆ. ವಾಪಸು ಕರೆಯಲೆಂದೇ ಗಿರಾಕಿಗಳು ಚಪ್ಪಲಿ ಮೆಟ್ಟುವಾಗ ತಡ ಮಾಡುತ್ತಾರೆ. ಇವನು ಹೋಗಿಬನ್ನಿ ಎಂದು ಕೈಮುಗಿದ. ಗೌಡರು ಆಮೇಲೆ ನನ್ನ ಅಂಗಡಿಯ ಕಡೆ ತಲೆ ಹಾಕಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಶ್ರುತಿ ಬಸುರಿಯಾದಳು. ಗೋವೆ ಬಿಟ್ಟು ನಮ್ಮ ಕಡೆಗೇ ಬರುತ್ತೇವೆ ಎಂದರು. ನಮ್ಮ ಮಹಡಿ ಖಾಲಿ ಬಿದ್ದಿತ್ತು. ತಲೆಯ ಮೇಲೆ ಮೊಮ್ಮಗುವಿನ ಓಡಾಟ ಕೇಳುತ್ತ ಪೇಪರು ಓದುವ ಆಸೆಯಿಂದ ನಾನು ಯಾರಿಗೂ ಹೇಳದೆ ಬಣ್ಣ ಹೊಡೆಸಿಟ್ಟೆ. ಒಂದು ಸಂಜೆ ಯಾನ್ ಎದುರು ಕುಳಿತು, “ಮಾವ, ನಾವು ನಿಮ್ಮ ಮಹಡಿಯಲ್ಲಿ ಇರಬಹುದೇ? ನಿಮಗೆ ಇಷ್ಟವೇ?” ಎಂದು ಕೇಳಿಯೇಬಿಟ್ಟ. ಎದ್ದು ಕುಣಿಯಬೇಕೆನಿಸಿತು. ಬಾಯಿ ಏನೆಂದಿತು? “ಛೇ, ಈ ಹಳೇ ಮಹಡೀಲಿ ನಿಂಗಕ್ಕೆ ಎಂತಕ್ಕೆ ತ್ರಾಸು? ಬೇರೆ ಚಲೋ ಮನೆ ನೋಡಿ.” ಹೇಳಿ, ಇನ್ನೆರಡು ಸಲ ಕೇಳಲಿ ಎಂದು ಗೋಡೆ ನೋಡುತ್ತ ಕುಳಿತೆ. “ಅರ್ಥವಾಯಿತು. ನೇರವಾಗಿ ಹೇಳಿದ್ದಕ್ಕೆ ಧನ್ಯವಾದ” ಎಂದು ಯಾನ್ ಎದ್ದುಹೋದ. ಆ ವಾರವೇ ಸಿದ್ದಾಪುರದಲ್ಲಿ ಬಾಡಿಗೆ ಮನೆ ಹಿಡಿದರು.

“ಹೌದು ಹೇಳಿ ಒಂದು ಶಬ್ದ ಬಾಯಲ್ಲಿ ಬತ್ತಿಲ್ಯ ನಿಂಗಕ್ಕೆ?” ಹೆಂಡತಿ ಹರಿಹಾಯ್ದಳು.

“ಅಂವಂಗೆ ಇನ್ನೊಂದು ಸಲ ಕೇಳಲೆ ಎಂತಾಗಿತ್ತು?”

“ಅಂವ ಕೇಳ್ದ. ನಿಂಗ ಹೇಳಿದ್ರಿ. ಈಗಾದ್ರೂ ಫೋನ್ ಮಾಡಿ.”

ಮಾವನಾದವನು ತಾನಾಗಿ ಫೋನು ಮಾಡಿ ಬನ್ನಿ ಎಂದರೆ ಅಂಗಲಾಚಿದ ಹಾಗಾಗುವುದಿಲ್ಲವೇ? ಮಾಡಲಿಲ್ಲ. ಬಣ್ಣ ಹೊಡೆದ ಕೋಣೆಗಳಿಗೆ ಬೀಗ ಹಾಕಿದೆ. ಆ ದಿನಗಳಲ್ಲಿ ನನಗೆ ನಿಜಕ್ಕೂ ಅಳು ಬರುತ್ತಿತ್ತು.

ಕಳೆದ ತಿಂಗಳು ಸಿದ್ದಾಪುರಕ್ಕೆ ಹೋದೆ. ಈ ಸಲ ಬದಲಾಗಲೇಬೇಕೆಂದು ಬಸ್ಸಿನಲ್ಲಿ ‘ಹೌದು, ಬೇಕು’ ಎಂದು ಗೊಣಗಿಕೊಳ್ಳುತ್ತಿದ್ದೆ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ. ಊಟಕ್ಕೆ ಕುಳಿತಾಗ ಕಣ್ಣುಮುಚ್ಚಿ, ಹೋಳಿಗೆ ಬೇಕು ಎಂದೆ. ಯಾನ್ ಹಿಗ್ಗಿ ಹೀರೇಕಾಯಿಯಾದ. ತಾನು ಮಾಡುತ್ತಿದ್ದ ತೊಟ್ಟಿಲು ತೋರಿಸಿದ, ಅದರ ಅಂಚನ್ನು ನನ್ನ ಕೈಯಲ್ಲೂ ಉಜ್ಜಿಸಿದ. ಸಂಜೆಯಾಯಿತು. “ಮಾವ, ಇವತ್ತು ಇಲ್ಲಿಯೇ ಉಳಿಯುತ್ತೀರಾ?” ಎಂದು ಕೇಳಿದ. “ಎಂತಕ್ಕೆ, ಬಸ್ಸು ಇದ್ದಲಾ” ಎಂಬುದು ಬಾಯಿಂದ ಜಾರಿತು. ಹೋಯಿತು ಎಂದುಕೊಂಡೆ. ಆದರೆ ಯಾನ್ ಅಲ್ಲಿಂದ ಕದಲಲಿಲ್ಲ. ಶ್ರುತಿಯ ಮುಖ ನೋಡಿದ, ಕೆಂಪಾದ, ಕದಿಯಲು ಹೊರಟವನ ಹಾಗೆ ಮೆಲ್ಲಗೆ, “ಮಾವ, ಉಳಿಯಿರಿ” ಎಂದ. ಅವನ ಜನ್ಮದಲ್ಲೇ ಮೊದಲ ಎರಡನೆಯ ಸಲ! ನನಗಾಗಿ ಆ ಹುಡುಗ ಅಷ್ಟು ದೂರ ಬಂದಿದ್ದ. ಆ ಸಂತೋಷದಲ್ಲಿ ನಾಲಿಗೆ ತನ್ನಷ್ಟಕ್ಕೆ ತಾನು ಎರಡನೆಯ ಮಾತನ್ನು ಆಡಿತು: “ಛೇ, ಸುಮ್ನೆ ತ್ರಾಸು.”

ಯಾನ್ ನನ್ನ ಚೀಲ ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಬಂದ, ಕಿಟಕಿಯ ಸೀಟು ಹಿಡಿದುಕೊಟ್ಟ, ಬಸ್ಸು ತಿರುಗುವವರೆಗೆ ಕೈಬೀಸಿದ. ವಾರ ಉಳಿದು ಬರಲೆಂದು ಹೆಂಡತಿ ತುಂಬಿಕೊಟ್ಟ ಪಂಚೆ, ಟವೆಲು, ಮಾತ್ರೆಗಳೆಲ್ಲ ಆ ಚೀಲದಲ್ಲೇ ಇದ್ದವು. ಮನೆಗೆ ಬಂದು ಅದನ್ನು ಇಳಿಸಿದಾಗ ಅವಳು ಚೀಲವನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಊಟ ಮಾಡ್ತ್ರಾ?”

ಹೊಟ್ಟೆ ಚುರುಗುಟ್ಟುತ್ತಿತ್ತು. “ಬ್ಯಾಡ” ಎಂದೆ.

ಸರಿ ಎಂದು ಅನ್ನದ ಪಾತ್ರೆ ಮುಚ್ಚಿಟ್ಟಳು. ಅಳಿಯನಿಂದ ಅವಳೂ ಕಲಿತಿದ್ದಾಳೆ.