ಹೊಗಿ ಕಡಿಮಿ ಮಾಡೋ ಮೀಟಿಂಗು

ಸರಕಾರಿ ನೌಕರಿಯಲ್ಲಿ ಇದ್ದವರು ನಗೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಮೇಲಿನ ಆಫೀಸಿನಿಂದ ಟಪಾಲಿನಲ್ಲಿ ತಾನಾಗಿಯೇ ಬರುತ್ತದೆ. ಮೇಲೆ 'ತುರ್ತು' ಅಂತ ಬೇರೆ ಬರೆದಿರುತ್ತದೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಹುನಗುಂದದ ಕಡೆ ಗ್ರಾಮಸೇವಕಿಯಾಗಿದ್ದೆ, ಎಲ್ಲರ ಬಾಯಲ್ಲಿ 'ಬಾಯಾರು'. ದಿನಾ ಯಾರದಾದರೂ ಅಡಿಗೆ ಮನೆಯಲ್ಲಿ ಕೂಡುವ ಕೆಲಸ. ಮಾಳಿಗೆ ಮನೆ, ಗಾಳಿ ಆಡುವುದಿಲ್ಲ, ಹಸಿ ಕಟ್ಟಿಗೆ. ಊದಿ ಊದಿ ಹೆಂಗಸರ ಕಣ್ಣು ಕೆಂಪಾಗಿರುತ್ತಿದ್ದವು. ಆಗ ಒಂದು ಸುತ್ತೋಲೆ ಬಂತು. ಕಟ್ಟಿಗೆ ಸುಡುವುದರಿಂದ ಕಾಡು ಹಾಳು, ಹೊಗೆಯಿಂದ ಹವಾ ಹಾಳು. ಹೊಗೆ ಇಲ್ಲದ ಒಲೆ, ಗೋಬರ್ ಗ್ಯಾಸು, ಗಿಡ ನೆಡುವುದು, ಸೂರ್ಯನ ಒಲೆ, ಇವುಗಳಲ್ಲಿ ಯಾವುದು ನಿಮಗೆ ಬೇಕು, ತಾಲೂಕು ಬೋರ್ಡಿನವರು ಠರಾವು ಮಾಡಿ ತಿಳಿಸಿರಿ. ತಿಳಿಸದಿದ್ದರೆ ಯೋಜನೆ ಬೇರೆ ತಾಲೂಕಿಗೆ ಹೋಗುತ್ತದೆ. ಓದಿ ನನಗೆ ಬಹಳ ಸಂತೋಷವಾಯಿತು. ಬೋರ್ಡು ಎಂಥದ್ದು ಅನ್ನುವುದನ್ನು ಆ ಸಂತೋಷದಲ್ಲಿ ಮರೆತುಬಿಟ್ಟೆ.

ಮೊದಲನೇ ಸಭೆ

ನಮ್ಮ ಬೋರ್ಡಿನಲ್ಲಿ ಅರ್ಧ ಜನ ಅಧ್ಯಕ್ಷರ ಕಡೆ, ಇನ್ನರ್ಧ ಒಬ್ಬ ಗೌಡರ ಕಡೆ. ಸಮ ಬಿದ್ದರೆ ಅಧ್ಯಕ್ಷರಿಗೆ ಇನ್ನೊಂದು ಮತ ಹಾಕುವ ಅಧಿಕಾರ ಇತ್ತು. ಆದರೆ ಅವರು ಅದನ್ನು ಹಾಕಲು ಬಾಯಿ ತೆರೆದರೆ ಸಾಕು, ಗೌಡರ ಕಡೆಯವರು ಎದ್ದು ಚಹಾಕ್ಕೆ ಹೋಗಿಬಿಡುತ್ತಿದ್ದರು. ಕೋರಂ ಮುರಿಯುತ್ತಿತ್ತು.

ಆ ದಿನ ಅಧ್ಯಕ್ಷರು "ಗೋಬರ್ ಗ್ಯಾಸ್ ಆಗಲಿ" ಅಂದರು. ಗೌಡರು "ಗಿಡ ಹಚ್ಚೂದು ಆಗಲಿ" ಅಂದರು. ಅಧ್ಯಕ್ಷರು ಮೊದಲು ಗಿಡ ಅಂದಿದ್ದರೆ ಗೌಡರು ಗ್ಯಾಸು ಅನ್ನುತ್ತಿದ್ದರು, ಅದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಮಾತು ಬೆಳೆದಂತೆ ಎರಡೂ ಕಡೆ ಬೀಡಿ ಹೊತ್ತಿದವು. ಸಣ್ಣ ಕೋಣೆ, ಒಂದು ತಾಸಿನಲ್ಲಿ ಎದುರು ಕೂತವರ ಮುಖ ಕಾಣದಾಯಿತು. ನಮ್ಮ ಬಿ.ಡಿ.ಓ. ಸಾಹೇಬರಿಗೆ ದಮ್ಮು ಇತ್ತು. ಅವರು ಕೆಮ್ಮುತ್ತಾ ಹೊರಗೆ ಬಂದು, ಪ್ರಾಮಾಣಿಕ ಮನುಷ್ಯರು, ನಡಾವಳಿಯಲ್ಲಿ ಇದ್ದದ್ದನ್ನೇ ಬರೆದರು: 'ಹೊಗೆಯ ಕಾರಣದಿಂದ ಸಭೆಯನ್ನು ಮುಂದೂಡಲಾಯಿತು.'

ಮೇಲಿನ ಆಫೀಸಿನಿಂದ ಉತ್ತರ ಬಂತು. ಹೊಗೆಯ ವಿಷಯವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದಕ್ಕೆ ಬೋರ್ಡಿಗೆ ಅಭಿನಂದನೆ ಹೇಳಿದ್ದರು.

ಮುಗಿಲಿನ ಕಂಬಳಿ

ತಿಳಿದವರಿಂದ ಹೇಳಿಸಿದರೆ ಒಪ್ಪಬಹುದು ಅಂತ ಸಾಹೇಬರು ಬಾಗಲಕೋಟೆಯ ಕಾಲೇಜಿನಿಂದ ಒಬ್ಬ ಮಾಸ್ತರರನ್ನು ಕರೆಸಿದರು. ಕರಿ ಹಲಗೆ ಮೇಲೆ ಭೂಮಿ ಬರೆದು, ಸುತ್ತ ಒಂದು ಗೆರೆ ಎಳೆದು ಅವರು ಹೇಳಿದರು: "ನಾವು ಸುಟ್ಟದ್ದೆಲ್ಲಾ ಹೋಗಿ ಮುಗಿಲಿನಾಗ ಕಂಬಳಿ ಹೊಚ್ಚಿದಂಗ ಕುಂದರತೈತ್ರಿ. ಒಳಗಿನ ಕಾವು ಹೊರಗ ಹೋಗೂದಿಲ್ಲ. ಮುಂದ ಮುಂದ ಭೂಮಿ ಬಿಸಿ ಆಗ್ತೈತಿ."

ಏಪ್ರಿಲ್ ತಿಂಗಳು. ಕರೆಂಟು ಇರಲಿಲ್ಲ. ಅಧ್ಯಕ್ಷರು ಟವೆಲಿನಿಂದ ಕತ್ತು ಒರೆಸಿಕೊಂಡು, "ಮಾಸ್ತರ, ನಮ್ಮೂರ ಮ್ಯಾಲ ಆ ಕಂಬಳಿ ಹೊಚ್ಚಿ ಭಾಳ ದಿನ ಆತು" ಅಂದರು.

ಗೌಡರು ಎದ್ದರು. "ಈ ಹೊಗಿ ಯಾರ ಆಡಳಿತದಾಗ ಮುಗಿಲಿಗೆ ಹೋತು, ಮೊದಲ ಅದರ ತನಿಖಿ ಆಗಲಿ."

"ನಿಮ್ಮ ಅಪ್ಪಾರು ಅಧ್ಯಕ್ಷರಿದ್ದಾಗ ಹೋಗಿದ್ದು" ಅಂದರು ಅಧ್ಯಕ್ಷರು.

ಮಾಸ್ತರರು ಸುಣ್ಣದ ಕಡ್ಡಿ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಾ ನಿಂತರು. ಕೊನೆಗೆ ಯಾವತ್ತೂ ಮಾತಾಡದ ಒಬ್ಬ ಮುದುಕ ಸದಸ್ಯರು ಕೈ ಎತ್ತಿ ಒಂದು ಸೂಚನೆ ಕೊಟ್ಟರು. ಎರಡೂ ಗುಂಪಿನವರು ಮೇಜು ತಟ್ಟಿದರು. ನಾನು ಅಲ್ಲಿ ಇದ್ದಷ್ಟು ವರ್ಷಗಳಲ್ಲಿ ಸರ್ವಾನುಮತದಿಂದ ಪಾಸಾದ ಠರಾವು ಅದೊಂದೇ: 'ಮುಗಿಲು ಈ ಬೋರ್ಡಿನ ಸರಹದ್ದಿನಲ್ಲಿ ಬರುವುದಿಲ್ಲ.'

ಒಲಿ

ಠರಾವು ಆಗುವ ಹಾಗೆ ಕಾಣಲಿಲ್ಲ. "ಬಾಯಾರ, ನಮೂನಿಗೆ ಒಂದೊಂದು ತೋರಿಸಿಬಿಡೂಣು. ಜನ ಕೇಳಿದರ ಇವರೂ ಒಪ್ಪತಾರ" ಅಂದರು ಸಾಹೇಬರು. ಹೊಗೆ ಇಲ್ಲದ ಒಲೆಯನ್ನು ಅಮೀನಗಡದ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ಮನೆಗೆ ಹಾಕಿಸಿದೆ. ಮನೆಯಲ್ಲಿ ಅತ್ತೆ, ಸೊಸೆ. ಗೌಂಡಿ ಮಾಳಿಗೆಗೆ ತೂತು ಕೊರೆದು ಕೊಳವೆ ಏರಿಸುವಾಗ ಅತ್ತೆ ಕಟ್ಟೆಯ ಮೇಲೆ ಕೂತು ಸರಕಾರವನ್ನು ಬೈದಳು. ತೊಲೆಗೆ ಹೊಗೆ ತಾಗದಿದ್ದರೆ ಗೆದ್ದಲು ಹಿಡಿಯುತ್ತದೆ, ಆಗ ಸರಕಾರ ಬಂದು ಮಾಳಿಗೆ ಹೊತ್ತು ನಿಲ್ಲುತ್ತದೇನು ಅಂತ. ಸೊಸೆ ಮಾತ್ರ ಗೌಂಡಿ ಇಳಿದದ್ದೇ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುತ್ತಾ, ಕೊಳವೆಯಲ್ಲಿ ಹೊಗೆ ಮೇಲೆ ಹೋಗುವುದನ್ನು ನೋಡುತ್ತಿದ್ದಳು.

ತಿಂಗಳ ಮೇಲೆ ಹೋದೆ. ಅಡಿಗೆ ಮನೆಯ ಗೋಡೆಗೆ ಸುಣ್ಣ ಬಳಿದಿದ್ದರು. ಅತ್ತೆ ಹೊಲಕ್ಕೆ ಹೋಗಿದ್ದಳು.

"ಹ್ಯಾಂಗೈತಿ ತಂಗಿ, ಒಲಿ?"

"ಒಲಿ ಭಾಳ ಚಲೋ ಐತ್ರಿ ಬಾಯಾರ. ಕಣ್ಣ ಉರಿ ಹೋತು, ಕೆಮ್ಮ ಹೋತು. ಆದ್ರ ಒಂದು ತ್ರಾಸು ಆಗೇತ್ರಿ."

"ಏನು?"

"ಮೊದಲ ಅತ್ತಿ ಬೈದಾಗ ಅಳು ಬಂದ್ರ, ಹೊಗಿ ಅಂತಿದ್ದೆರಿ. ಈಗ ಹೊಗೀನ ಇಲ್ಲಲ್ರಿ."

"ಮತ್ತ ಈಗ ಏನ್ ಮಾಡ್ತಿ?"

ಅವಳು ಮೂಲೆಯ ಬುಟ್ಟಿ ತೋರಿಸಿದಳು. "ಈಗ ಮನ್ಯಾಗ ಉಳ್ಳಾಗಡ್ಡಿ ಖರ್ಚು ಭಾಳ ಆಗೇತ್ರಿ."

ಯಾರ ಆಡು

ಗಿಡ ನೆಡುವ ನಮೂನೆಗೆ ಬಾದಾಮಿಗೆ ಹೋಗುವ ರಸ್ತೆಯ ಒಂದು ತುಂಡು ಆರಿಸಿದರು. ಅಧ್ಯಕ್ಷರು ಬೇವು ಅಂದರು, ಗೌಡರು ಹುಣಸೆ ಅಂದರು. ಸಾಹೇಬರು ಅಷ್ಟರಲ್ಲಿ ಜಾಣರಾಗಿದ್ದರು. ರಸ್ತೆಯ ಎಡಕ್ಕೆ ಅಧ್ಯಕ್ಷರ ಬೇವು, ಬಲಕ್ಕೆ ಗೌಡರ ಹುಣಸೆ ಅಂತ ಹಂಚಿಬಿಟ್ಟರು. ಇಬ್ಬರೂ ಪೈಪೋಟಿಯಿಂದ ನೆಟ್ಟರು, ನೀರು ಹಾಕಿಸಿದರು. ಮಳೆಯೂ ಆಯಿತು, ಗಿಡ ಮೊಣಕಾಲುದ್ದ ಬಂದವು. ಅಷ್ಟು ಬಂದದ್ದೇ ಒಂದು ವಾರದಲ್ಲಿ ಎರಡೂ ಕಡೆ ಬರೀ ಕಡ್ಡಿ ಉಳಿದವು.

ಅಧ್ಯಕ್ಷರು ಗೌಡರ ಆಡು ತಿಂದವು ಅಂದರು, ಗೌಡರು ಅಧ್ಯಕ್ಷರ ಆಡು ಅಂದರು. ಸಾಹೇಬರು ತನಿಖೆಗೆ ಹೊರಟರು, ನಾನೂ ಜೀಪಿನಲ್ಲಿದ್ದೆ. ಆ ರಸ್ತೆಯಲ್ಲಿ ಊರ ಆಡುಗಳನ್ನೆಲ್ಲ ಕೂಡಿಸಿ ಮೇಯಿಸುವ ಒಬ್ಬ ನಡುವಯಸ್ಸಿನವನು ಕೋಲು ಊರಿಕೊಂಡು ನಿಂತಿದ್ದ.

"ಇವು ಯಾರ ಆಡಪಾ?" ಸಾಹೇಬರು ಕೇಳಿದರು.

ಅವನು ಒಮ್ಮೆ ಆಕಡೆ ನೋಡಿದ, ಒಮ್ಮೆ ಈಕಡೆ ನೋಡಿದ. "ಎಡಕ್ಕ ಮೇಯುವಾಗ ಗೌಡರವುರಿ. ಬಲಕ್ಕ ಮೇಯುವಾಗ ಅಧ್ಯಕ್ಷರವು. ನಡುರಸ್ತಾದಾಗ ಇದ್ದಾಗ ನನ್ನವ್ರಿ ಸಾಹೇಬ್ರ."

ಸೂರ್ಯನ ಒಲಿ

ಸೂರ್ಯನ ಒಲೆಯನ್ನು ಇಳಕಲ್ಲಿನ ಒಂದು ನೇಕಾರರ ಓಣಿಗೆ ಒಯ್ದಿದ್ದೆ. ಪೆಟ್ಟಿಗೆಯ ಒಳಗೆ ಕರಿ ಡಬ್ಬಿ, ಮುಚ್ಚಳಕ್ಕೆ ದೊಡ್ಡ ಕನ್ನಡಿ. ಅಕ್ಕಿ, ನೀರು ಹಾಕಿ ಬಿಸಿಲಿಗೆ ಇಟ್ಟು, ಸಂಜೆ ಮುಂದೆ ತಿರುಗಿ ಹೋದೆ. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಒಬ್ಬಳು ಹೆಳಲು ಹಾಕಿಕೊಳ್ಳುತ್ತಿದ್ದಳು, ಒಬ್ಬಳು ಕುಂಕುಮ ತೀಡಿಕೊಳ್ಳುತ್ತಿದ್ದಳು. ಕನ್ನಡಿ ಬಿಸಿಲಿನ ಕಡೆಗಿರಲಿಲ್ಲ, ಅವರ ಕಡೆಗಿತ್ತು.

"ಅನ್ನ ಆತೇನ್ರೆವಾ?"

"ಇನ್ನೂ ಇಲ್ರಿ" ಅಂದಳು ಹಿರಿಯಳು. "ಆದ್ರ ಇಂಥಾ ಒಲಿ ಇದ್ರ ಕಾಯೂದು ಬ್ಯಾಸರ ಆಗೂದಿಲ್ರಿ."

ಗೋಬರ್ ಗ್ಯಾಸಿನ ಚಹಾ

ಗೋಬರ್ ಗ್ಯಾಸು ಒಂದೇ ಮಂಜೂರಾಗಿತ್ತು. ಅಧ್ಯಕ್ಷರು ತಮ್ಮೂರಿಗೆ ಕೇಳಿದರು, ಗೌಡರು ತಮ್ಮೂರಿಗೆ. ವರ್ಷ ಮುಗಿಯುತ್ತಾ ಬಂದಿತ್ತು. ಇದೂ ಕೈಬಿಟ್ಟರೆ ಎಲ್ಲವೂ ಬೇರೆ ತಾಲೂಕಿಗೆ ಹೋಗುವುದಿತ್ತು. ಸಾಹೇಬರು ಬೇಸತ್ತು, "ಯಾರ ಊರಾಗೂ ಬ್ಯಾಡ, ಆಫೀಸಿನ ಹಿತ್ತಲದಾಗ ಕಟ್ಟೂಣು" ಅಂದರು. ಆಫೀಸಿನಲ್ಲಿ ದನ ಇರಲಿಲ್ಲ. ಅದಕ್ಕೆ ಸಗಣಿ ಅರ್ಧ ಅಧ್ಯಕ್ಷರ ಮನೆಯಿಂದ, ಅರ್ಧ ಗೌಡರ ಮನೆಯಿಂದ ಅಂತ ಆಯಿತು. ಇಬ್ಬರೂ ಕಡಿಮೆ ಬೀಳಬಾರದೆಂದು ಚಕ್ಕಡಿ ತುಂಬಾ ಕಳಿಸಿದರು. ಗ್ಯಾಸು ಚೆನ್ನಾಗಿಯೇ ಹುಟ್ಟಿತು.

ಉದ್ಘಾಟನೆಗೆ ಬಿಜಾಪುರದಿಂದ ದೊಡ್ಡ ಸಾಹೇಬರು ಬಂದರು. ಕಡ್ಡಿ ಗೀರಿದರು, ನೀಲಿ ಉರಿ ಹೊತ್ತಿತು, ಚಪ್ಪಾಳೆ ಬಿತ್ತು. ಹೊಗೆಯ ಎಳೆಯೂ ಇಲ್ಲ. ನಾನು ಆ ಉರಿಯ ಮೇಲೆ ಚಹಾ ಮಾಡಿ ಮೊದಲ ಕಪ್ಪನ್ನು ಗೌಡರಿಗೆ ಕೊಡಲು ಹೋದೆ.

"ಬ್ಯಾಡ್ರಿ ಬಾಯಾರ" ಅಂದರು ಗೌಡರು. "ಅವರ ಸಗಣಿ ಮ್ಯಾಲ ಕಾಸಿದ ಚಹಾ ನಾ ಕುಡಿಯಾಂಗಿಲ್ಲ."

ಸಾಹೇಬರು ಓಡಿ ಬಂದರು. "ಗೌಡ್ರ, ಅದರಾಗ ಅರ್ಧ ನಿಮ್ಮದೂ ಐತ್ರಿ."

ಗೌಡರು ಸ್ವಲ್ಪ ವಿಚಾರ ಮಾಡಿದರು. "ಹಂಗಾದ್ರ ನಮ್ಮ ಅರ್ಧದ ಮ್ಯಾಲ ಕಾಸಿದ್ದು ಕೊಡ್ರಿ."

ನಾನು ಕಪ್ಪು ಒಳಗೆ ಒಯ್ದು, ಸ್ವಲ್ಪ ಹೊತ್ತು ನಿಂತು, ಅದನ್ನೇ ತಿರುಗಿ ತಂದೆ. "ಇದು ನಿಮ್ಮ ಅರ್ಧದ್ದರಿ."

ಗೌಡರು ಒಂದು ಗುಟುಕು ಕುಡಿದರು. "ನೋಡ್ರಿ, ರುಚೀನ ಬ್ಯಾರೆ" ಅಂದರು.

ಅದೇ ಪಾತ್ರೆಯಿಂದ ಸೋಸಿ ಅಧ್ಯಕ್ಷರಿಗೆ ಕೊಟ್ಟು, ಇದು ನಿಮ್ಮ ಕಡೇದ್ದು ಅಂದೆ. ಅವರು ಗೌಡರಿಗೆ ಕೇಳುವಂತೆ, "ನಮ್ಮ ಎಮ್ಮಿ ಹಿಂಡಿ ತಿಂತಾವ. ಅದಕ್ಕ ಹಿಂಗ ಖಡಕ್ ಆಗೈತಿ" ಅಂದರು.

ಇಬ್ಬರೂ ಕಪ್ಪು ಖಾಲಿ ಮಾಡಿದರು. ಉಳಿದವರು ದೊಡ್ಡ ಸಾಹೇಬರು. ಅವರು ಈ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾ ಬಹಳ ಜಾಗ್ರತೆಯಿಂದ ಕೂತಿದ್ದರು. ನಾನು ಕಪ್ಪು ಹಿಡಿದಾಗ ಕೈ ಮುಗಿದರು.

"ಕ್ಷಮಿಸಬೇಕು ತಾಯಿ. ನಾನು ಸರಕಾರಿ ಮನುಷ್ಯ. ಯಾರ ಕಡೆಯದನ್ನೂ ಕುಡಿದೆ ಅಂತ ಆಗಬಾರದು. ನನಗೆ ಎದುರಿನ ಹೋಟೆಲಿನಿಂದ ತರಿಸಿಬಿಡಿ."

ಹೋಟೆಲಿನವನು ಹಸಿ ಜಾಲಿ ಕಟ್ಟಿಗೆ ಒಟ್ಟಿ, ಊದಿ ಊದಿ, ಚಹಾ ಕಾಸಿ ಕಳಿಸಿದ. ದೊಡ್ಡ ಸಾಹೇಬರು ನೀಲಿ ಉರಿಯ ಎದುರಿಗೆ ಕೂತು ಒಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟರು.

"ಚಹಾ ಪರವಾಗಿಲ್ಲ" ಅಂದರು. "ಸ್ವಲ್ಪ ಹೊಗೆ ವಾಸನೆ."