ಹೆಸರೆತ್ತಿದವರು ಸಾಲಿನ ಕೊನೆಗೆ

ಎಲ್ವುಡ್: ಮೊದಲು ಬಂದೋನು ನಾನು ಮೇಡಂ. ಬಾಗಿಲೊಳಗೆ ಕಾಲಿಡುವಾಗ ವಾಚು ನೋಡ್ಕೊಂಡಿದ್ದೀನಿ. ಸರಿಯಾಗಿ ಮೂರು ಗಂಟೆ.

ಮರ್ಟಲ್: ಮೂರಂತೆ ಮೂರು! ನಾನೂ ನೋಡ್ಕೊಂಡಿದ್ದೀನಿ. ಸರಿಯಾಗಿ ನಾಲ್ಕು ಗಂಟೆ.

ಎಲ್ವುಡ್: ಕೇಳಿಸ್ಕೊಂಡ್ರಾ? ಅವರ ಬಾಯಿಂದಲೇ ಬಂತು. ನಾನು ಅವರಿಗಿಂತ ಒಂದು ಗಂಟೆ ಮುಂಚೆ!

ಮರ್ಟಲ್: ರೀ ಸ್ವಾಮಿ, ಒಂದೇ ಬಾಗಿಲನ್ನ ಇಬ್ಬರೂ ಒಂದೇ ಸಲ ತಳ್ಳಿದ್ವಲ್ರೀ! ನಿಮ್ಮ ಮೊಣಕೈ ತಿವಿದಿದ್ದು ಇನ್ನೂ ಪಕ್ಕೆಯಲ್ಲಿ ನೋಯ್ತಿದೆ.

ಎಲ್ವುಡ್: ಹಾಗಾದ್ರೆ ನಿಮ್ಮ ವಾಚು ಓಡ್ತಿದೆ.

ಮರ್ಟಲ್: ನಿಮ್ಮದು ಮಲಗಿದೆ. ಎಬ್ಬಿಸಿ.

ಇಬ್ಬರೂ ನ್ಯಾಯಕ್ಕಾಗಿ ನನ್ನ ಕಡೆ ತಿರುಗಿದರು. ನಾನು ಬರ್ನಡೆಟ್. ಡಾಕ್ಟರ್ ಆರ್ಸೆನೋ ಅವರ ಹಲ್ಲಿನ ದವಾಖಾನೆಯಲ್ಲಿ ಬಂದವರನ್ನು ಕೂರಿಸುವುದು, ಕರೆಯುವುದು, ಗದರಿಸುವುದು ಎಲ್ಲ ನನ್ನದೇ. ಗೋಡೆಯ ಗಡಿಯಾರದ ಸೆಲ್ಲು ಸತ್ತು ಬಹಳ ದಿನವಾಗಿತ್ತು, ಅದರಿಂದ ನನಗೆ ಸಹಾಯವಾಗಲಿಲ್ಲ. ಅವತ್ತು ಶುಕ್ರವಾರ. ಸೋಮವಾರದ ರಜೆಯನ್ನೂ ಸೇರಿಸಿಕೊಂಡು ಕೆರೆಯ ದಂಡೆಯ ಮನೆಗೆ ಓಡುವ ಆತುರದಲ್ಲಿದ್ದ ಡಾಕ್ಟರು, "ಇನ್ನೊಬ್ಬರು, ಒಬ್ಬರೇ ಒಬ್ಬರು" ಎಂದು ಹೇಳಿ ಒಳಗೆ ಹೋಗಿದ್ದರು. ಹೊರಗೆ ಕೂತಿದ್ದವರು ಇಬ್ಬರು. ಇಬ್ಬರ ಹಲ್ಲುಸೆಟ್ಟೂ ಬಿರುಕು ಬಿಟ್ಟಿತ್ತು.

ನಾನು: ಇಬ್ಬರೂ ಒಟ್ಟಿಗೆ ಬಂದಿದ್ದೀರಿ. ಯಾರಿಗೆ ಜಾಸ್ತಿ ಅರ್ಜೆಂಟೋ ಅವರು ಹೋಗಿ.

ಮರ್ಟಲ್: ನನಗೇ ತಾಯಿ. ಸೋಮವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮನೆ ತುಂಬ ಜನ. ನನ್ನ ನಾದಿನಿ ಹೇಝಲ್ ಬೇರೆ ಬರ್ತಾಳೆ. ಅವರೆಲ್ಲ ಟರ್ಕಿ ಕೋಳಿ ಕಡೀತಾ ಕೂತಿರುವಾಗ ನಾನು ಸೂಪು ಕುಡೀತಾ ಕೂತ್ರೆ ಮುಗೀತು. ಇಡೀ ಜಿಲ್ಲೆಗೆ ಡಂಗುರ ಹೊಡೀತಾಳೆ.

ಎಲ್ವುಡ್: ಸೋಮವಾರ ಥ್ಯಾಂಕ್ಸ್‌ಗಿವಿಂಗಾ? ಅಯ್ಯೋ ಪಾಪ. ಅದಕ್ಕಿನ್ನೂ ಒಂದೂವರೆ ತಿಂಗಳಿದೆ ಅಮ್ಮಾ.

ಮರ್ಟಲ್: ನಿಮಗೆ ಗಂಟೆ ಒಂದೇ ಅಲ್ಲ, ತಿಂಗಳೂ ಗೊತ್ತಿಲ್ಲ!

ಎಲ್ವುಡ್: ನನ್ನ ಕೆಲಸ ನಾಳೆ ಬೆಳಿಗ್ಗೆಯೇ ಇದೆ. ನಾನು ಹರಾಜು ಕೂಗೋನು. ನಮ್ಮೂರಿನ ಬೆಂಕಿ ಆರಿಸೋ ದಳಕ್ಕೆ ಹೊಸ ಪಂಪು ಬೇಕು ಅಂತ ಹರಾಜು ಇಟ್ಟಿದ್ದೀವಿ. ಹಲ್ಲಿಲ್ಲದೆ "ಸಾವಿರ" ಅಂತ ಕೂಗಿದ್ರೆ "ಫಾವಿರ" ಅಂತ ಬರುತ್ತೆ. ಫಾವಿರ ಅಂದ್ರೆ ಯಾರು ದುಡ್ಡು ಕೊಡ್ತಾರೆ?

ಹೇಳುತ್ತಿರುವಾಗಲೇ ಸೆಟ್ಟು ಜಾರಿತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿಕೊಂಡರು. ಮನುಷ್ಯ ಮುದುಕನಾದರೂ ದನಿ ಮಾತ್ರ ಸಂತೆಗೆಲ್ಲ ಕೇಳುವಂಥದ್ದು. ಮರ್ಟಲ್ ಕಾಲು ಚಾಚಿ ಕೂರಲು ಹೋಗಿ ಅವರ ಬೂಟು ತುಳಿದರು.

ಮರ್ಟಲ್: ಸಾರಿ.

ಎಲ್ವುಡ್: ಪರವಾಗಿಲ್ಲ.

ಕಾಲು ಹಿಂದೆಗೆಯುವಾಗ ಇನ್ನೊಂದು ಬೂಟನ್ನೂ ತುಳಿದರು.

ಮರ್ಟಲ್: ಸಾರಿ.

ಎಲ್ವುಡ್: ಒಂದು ಸಾರಿ, ಎರಡು ಸಾರಿ ಆಯ್ತು. ಮೂರನೇ ಸಾರಿ ಅಂದ್ರೆ ಸುತ್ತಿಗೆ ಹೊಡೆದು ನಿಮ್ಮನ್ನ ಯಾರಿಗಾದ್ರೂ ಮಾರಿಬಿಡ್ತೀನಿ ನೋಡಿ.

ಮರ್ಟಲ್: ಮಾರ್ತಾರಂತೆ! ಎಲ್ಲವನ್ನೂ ಮಾರೋ ಬುದ್ಧಿ ಎಲ್ಲಿಂದ ಬಂತು ಅಂತ ಆ ಟೋಪಿ ನೋಡಿದ್ರೇ ಗೊತ್ತಾಗುತ್ತೆ. ನೀಲಿ!

ಎಲ್ವುಡ್: ಓಹೋ! ನಾನೂ ನೋಡ್ತಾನೇ ಇದ್ದೆ, ಕುತ್ತಿಗೆಗೆ ಅಷ್ಟುದ್ದ ಕೆಂಪು ಶಾಲು. ಶೀತ ಅಂತ ಸುತ್ಕೊಂಡಿದ್ದಾರೆ ಅಂದ್ಕೊಂಡೆ. ಕೆಂಪು ಪಕ್ಷ ಅಂತ ಈಗ ಗೊತ್ತಾಯ್ತು.

ನಾನು ಪೆನ್ನಿನಿಂದ ಗೋಡೆಯ ಫಲಕಕ್ಕೆ ಕುಟ್ಟಿದೆ. ಅದನ್ನು ಬರೆದು ತೂಗುಹಾಕಿದವಳು ನಾನೇ: "ಇಲ್ಲಿ ಪಕ್ಷದ ಹೆಸರಾಗಲಿ ನಾಯಕರ ಹೆಸರಾಗಲಿ ಎತ್ತಿದವರು ಸಾಲಿನ ಕೊನೆಗೆ." ಎಲೆಕ್ಷನ್ ಬಂತೆಂದರೆ ನಮ್ಮಲ್ಲಿಗೆ ಬರುವವರಿಗೆ ಹಲ್ಲುನೋವು ಮರೆತೇ ಹೋಗುತ್ತದೆ. ಅವರ ಜಗಳ ಕೇಳಿ ಕೇಳಿ ತಲೆನೋವು ಬರುತ್ತಿದ್ದದ್ದು ನನಗೆ.

ಎಲ್ವುಡ್: ಹೆಸರು ತಾನೇ ಎತ್ತಬಾರದು? ಬಣ್ಣ ಎತ್ತಬಾರದು ಅಂತ ಬರೆದಿಲ್ಲ.

ಮರ್ಟಲ್: ಇಲ್ಲವೇ ಇಲ್ಲ. ಬಣ್ಣ ಎತ್ತಬಹುದು. ಬಣ್ಣ ಬಯಲು ಮಾಡಲೂಬಹುದು.

ಇಬ್ಬರ ಕಣ್ಣಲ್ಲೂ ಒಂದೇ ಕಿಡಿ ಕಂಡಿತು. ಎದುರಿನವರು ಬಾಯಿ ತಪ್ಪಿ ಒಂದು ಹೆಸರು ಹೇಳಿಬಿಟ್ಟರೆ ಸಾಕು, ಒಳಗಿನ ಕುರ್ಚಿ ತಮ್ಮದು. ಎಲ್ವುಡ್ ತೊಡೆ ತಟ್ಟಿಕೊಂಡು ಶುರುಮಾಡಿದರು.

ಎಲ್ವುಡ್: ಅಲ್ಲ ಅಮ್ಮಾ, ನಿಮ್ಮ ಕೆಂಪಿನೋರು ಅಷ್ಟೊಂದು ಭಾಷಣ ಮಾಡ್ತಾರಲ್ಲ, ಆ ದೊಡ್ಡ ಮನುಷ್ಯನ ಹೆಸರೇನು? ಬಾಯಿಗೇ ಬರ್ತಿಲ್ಲ.

ಮರ್ಟಲ್: ನನ್ನ ಬಾಯಿಗೂ ಬರ್ತಿಲ್ಲ. ಹಲ್ಲು ಸರಿ ಇಲ್ಲ ನೋಡಿ. ನಿಮ್ಮ ನೀಲಿಯೋರಲ್ಲಿ ಒಬ್ಬರಿದ್ದಾರಲ್ಲ, ಕೂದಲು ಹಿಂದಕ್ಕೆ ಬಾಚಿಕೊಂಡು, ಯಾವಾಗಲೂ ಕಿಸಕ್ ಅಂತ ನಗೋರು?

ಎಲ್ವುಡ್: ನಮ್ಮೋರು ಯಾರೂ ಕಿಸಕ್ ಅನ್ನಲ್ಲ. ಗಂಭೀರವಾಗಿ ನಗ್ತಾರೆ. ಶ್ರೀಮಂತರ ತೆರಿಗೆ ಇಳಿಸಿ ಬಡವರಿಗೆ ಬರೀ ಉಪದೇಶ ಕೊಡೋರು ನಿಮ್ಮ ಕೆಂಪಿನೋರು!

ಮರ್ಟಲ್: ಏನಂದ್ರಿ? ಅದನ್ನ ಮಾಡೋರು ನೀಲಿಯೋರು! ಬಡವರ ಆಸ್ಪತ್ರೆಗೆ ದುಡ್ಡು ಹಾಕಿ ಅಂದ್ರೆ ಜೇಬು ಹೊಲ್ಕೊಳ್ಳೋರು ನೀಲಿಯೋರು!

ಎಲ್ವುಡ್: ಆಸ್ಪತ್ರೆಗೆ ದುಡ್ಡು ಹಾಕಿ ಅಂತ ಗಂಟಲು ಹರ್ಕೊಳ್ಳೋರೇ ನೀಲಿಯೋರು! ಜೇಬು ಹೊಲ್ಕೊಳ್ಳೋರು ಕೆಂಪಿನೋರು!

ಮರ್ಟಲ್: ಹಗಲು ಹೊತ್ತಲ್ಲೇ ಇಷ್ಟು ದೊಡ್ಡ ಸುಳ್ಳಾ!

ಎಲ್ವುಡ್: ಕಣ್ಣು ಮುಚ್ಕೊಂಡವರಿಗೆ ಹಗಲೇನು, ರಾತ್ರಿಯೇನು!

ಇಲ್ಲಿ ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ. ಅವರಿಗೆ ಮಾತ್ರ ಹೇಳಬೇಡಿ. ನಮ್ಮ ಊರಿನ ನಡುವೆ ಒಂದು ನದಿ, ಅದಕ್ಕೊಂದು ಪುಟ್ಟ ಸೇತುವೆ. ಈಚೆ ದಂಡೆ ಕೆನಡಾ, ಆಚೆ ದಂಡೆ ಅಮೆರಿಕ. ಈಚೆ ಕೆಂಪು ಬಾವುಟ ಹಿಡಿದು ಏನೇನು ಕೂಗುತ್ತಾರೋ, ಆಚೆ ಅದನ್ನೇ ನೀಲಿ ಬಾವುಟ ಹಿಡಿದು ಕೂಗುತ್ತಾರೆ. ಈಚೆ ನಾಲ್ಕು ಗಂಟೆಯಾದರೆ ಆಚೆ ಮೂರು. ನಮ್ಮ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರಿನಲ್ಲಿ, ಅವರದು ನವೆಂಬರಿನಲ್ಲಿ. ಮರ್ಟಲ್ ಈಚೆಯವರೇ, ಮನೆ ಇಲ್ಲಿಂದ ಎರಡು ಬೀದಿ ದೂರ. ಎಲ್ವುಡ್ ಆಚೆ ದಂಡೆಯಿಂದಲೂ ಬಹಳ ದೂರ, ಒಳನಾಡಿನವರು. ನಮ್ಮಲ್ಲಿ ಹಲ್ಲಿನ ಖರ್ಚು ಕಡಿಮೆ ಎಂದು ಯಾರೋ ಹೇಳಿದ್ದರಿಂದ ಜೀವನದಲ್ಲಿ ಮೊದಲ ಸಲ ಸೇತುವೆ ದಾಟಿದ್ದರು. ಹೊರಗೆ ನಿಂತ ಕಾರುಗಳೆಲ್ಲ ತಮ್ಮ ದೇಶದವೇ ಆಗಿದ್ದರಿಂದ ಒಳಗಿರುವವರೂ ತಮ್ಮವರೇ ಎಂದುಕೊಂಡಿದ್ದರು. ಮರ್ಟಲ್ ಅವರೋ, ಇವರು ನದಿಯ ಈಚೆ ದಂಡೆಯ ಯಾವುದೋ ಹಳ್ಳಿಯವರು ಎಂದುಕೊಂಡಿದ್ದರು. ನಾನು ಒಂದು ಮಾತು ಹೇಳಿದ್ದರೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಹೇಳಲಿಲ್ಲ. ಅದಕ್ಕೆ ನನ್ನದೇ ಕಾರಣವಿತ್ತು.

ಮರ್ಟಲ್: ಇರಲಿ ಬಿಡಿ. ಇನ್ನು ಹತ್ತು ದಿನದಲ್ಲಿ ಎಲೆಕ್ಷನ್ ಆಗುತ್ತಲ್ಲ, ಜನವೇ ಬುದ್ಧಿ ಕಲಿಸ್ತಾರೆ.

ಎಲ್ವುಡ್: ಹತ್ತು ದಿನಾನಾ? ಎಲೆಕ್ಷನ್ ಮುಂದಿನ ತಿಂಗಳು ಅಮ್ಮಾ!

ಮರ್ಟಲ್: ಹೌದೌದು! ನೀವು ಮುಂದಿನ ತಿಂಗಳೇ ಹೋಗಿ ಓಟು ಹಾಕಿ. ನಿಮ್ಮ ನೀಲಿ ಗೆಳೆಯರಿಗೂ ಹೇಳಿ. ಯಾರೂ ಅವಸರ ಮಾಡಬೇಡಿ.

ಎಲ್ವುಡ್: ಅಯ್ಯೋ ದೇವರೇ. ಗಂಟೆ ಸುಳ್ಳು, ಹಬ್ಬ ಸುಳ್ಳು, ಈಗ ಎಲೆಕ್ಷನ್ ತಾರೀಕೂ ಸುಳ್ಳು. ನಿಮ್ಮ ಪಕ್ಷದವರು ಪಾಪ, ನಿಮಗೆ ಬೇರೆ ಕ್ಯಾಲೆಂಡರೇ ಮಾಡಿಸಿ ಹಂಚಿದ್ದಾರೇನು?

ಮರ್ಟಲ್: ನಿಮ್ಮವರು ಅದನ್ನೂ ಹಂಚಿಲ್ಲ. ಮಾರ್ಕೊಂಡು ತಿಂದಿದ್ದಾರೆ!

ಎಲ್ವುಡ್: ನಾನು ಹುಟ್ಟಾ ನೀಲಿ! ನಮ್ಮಪ್ಪ ನೀಲಿ! ನಮ್ಮಜ್ಜ ನೀಲಿ!

ಮರ್ಟಲ್: ಮೂರು ತಲೆಮಾರಿಗೂ ಉಸಿರು ಕಟ್ಟಿ ಮೈ ನೀಲಿಗಟ್ಟಿತ್ತೇನು?

ಎಲ್ವುಡ್ ಎದ್ದು ನಿಂತರು. ಕೋಪಕ್ಕೆ ಮುಖ ಮಾತ್ರ ಮರ್ಟಲ್ ಅವರ ಪಕ್ಷದ ಬಣ್ಣಕ್ಕೆ ತಿರುಗಿತ್ತು. ಬಾಯಿ ಅಗಲಿಸಿ "ನಮ್ಮ ಸ" ಎನ್ನುವಷ್ಟರಲ್ಲಿ ಹಲ್ಲುಸೆಟ್ಟು ಹಾರಿ, ಗಾಳಿಯಲ್ಲೊಂದು ಪಲ್ಟಿ ಹೊಡೆದು, ಮರ್ಟಲ್ ಅವರ ಮಡಿಲಿನ ಉಲ್ಲನ್ ಉಂಡೆಯ ಮೇಲೆ ಬಂದು ಕೂತಿತು. ಅಲ್ಲಿಂದ ಅವರನ್ನೇ ನೋಡಿ ನಗುತ್ತಿತ್ತು.

ಮರ್ಟಲ್: ನೋಡಿ, ಇದೇ ಕಿಸಕ್ ಅನ್ನೋ ನಗು. ಆಗಲೇ ಹೇಳಿದ್ನಲ್ಲ!

ಅವರು ಕರವಸ್ತ್ರದಲ್ಲಿ ಹಿಡಿದು ಸೆಟ್ಟನ್ನು ಮರಳಿಸಿದರು. ಎಲ್ವುಡ್ ಅದನ್ನು ಬಾಯಿಗೆ ಒತ್ತಿಕೊಂಡು, ಇನ್ನು ಮಾತಾಡುವುದೇ ಬೇಡ ಎನ್ನುವಂತೆ ಕೋಟಿನ ಗುಂಡಿ ಬಿಚ್ಚಿ ಎದೆ ತೋರಿಸಿದರು. ಅಲ್ಲಿ ಊಟದ ತಟ್ಟೆಯಷ್ಟಗಲದ ನೀಲಿ ಬಿಲ್ಲೆ. ಅದರ ಮೇಲೆ ಒಂದು ಮುಖ, ಕೆಳಗೊಂದು ಹೆಸರು.

ಎಲ್ವುಡ್: ಬಾಯಲ್ಲಿ ಹೇಳ್ತಿಲ್ಲ. ಓದ್ಕೊಳ್ಳಿ!

ಮರ್ಟಲ್ ಕನ್ನಡಕ ಏರಿಸಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲವೂ ಓದಿದರು.

ಮರ್ಟಲ್: ಅಯ್ಯೋ ನಿಮ್ಮ! ಇವರು ಸೇತುವೆಯಾಚೆಯವರಲ್ವೇನ್ರೀ?

ಎಲ್ವುಡ್: ಮತ್ತೆ? ನಾವೆಲ್ಲ ಸೇತುವೆಯಾಚೆಯವರೇ ಅಲ್ವಾ?

ಮರ್ಟಲ್: ನಾನು ಈಚೆಯವಳು ಕಣ್ರೀ! ಇಲ್ಲೇ, ಕೆನಡಾದಲ್ಲೇ ಹುಟ್ಟಿದವಳು! ಆಚೆ ನನಗೊಂದು ಓಟಿದ್ದಿದ್ರೆ ಇವರಿಗೇ ಹಾಕ್ತಿದ್ದೆ! ಈಚೆ ಈ ಮಾತೆಲ್ಲ ಆಡೋರದು ಕೆಂಪು ಬಣ್ಣ!

ಎಲ್ವುಡ್: ಅಂದ್ರೆ ನೀವು ಕೆಂಪು ಅಂದ್ರೆ ನೀಲಿ?

ಮರ್ಟಲ್: ನೀವು ನೀಲಿ ಅಂದ್ರೆ ಕೆಂಪು!

ಎಲ್ವುಡ್: ಮತ್ತೆ ಇಷ್ಟು ಹೊತ್ತು ನನ್ನ ಮಾತನ್ನೇ ಹೇಳಿ ನನಗೇ ಬೈದ್ರಲ್ಲ ಮಾರಾಯ್ತಿ!

ಮರ್ಟಲ್: ಹಾಗಾದ್ರೆ ನಿಮ್ಮ ಗಂಟೆಯೂ ಸರಿ!

ಎಲ್ವುಡ್: ನಿಮ್ಮ ಹಬ್ಬವೂ ಸರಿ!

ಆ ಖುಷಿಗೆ ಇಬ್ಬರೂ ತಮಗೆ ಮೈಯುರಿಯುವ ಎಲ್ಲ ನಾಯಕರ ಹೆಸರುಗಳನ್ನೂ ಒಂದೇ ಉಸಿರಿಗೆ ಹೇಳಿ ಬೈದರು. ಆಚೆಯವರಿಗೆ ಆತ, ಈಚೆಯವರಿಗೆ ಈಕೆ. ಆಮೇಲೆ ಅಪ್ಪಿಕೊಳ್ಳುವುದೊಂದು ಬಾಕಿ.

ನಾನು: ಹೆಸರೆತ್ತಿದ್ರಿ! ಇಬ್ಬರೂ ಸಾಲಿನ ಕೊನೆಗೆ!

ಮರ್ಟಲ್: ಸಾಲಲ್ಲಿ ಇರೋದೇ ನಾವಿಬ್ಬರು ತಾಯಿ. ಕೊನೆ ಎಲ್ಲಿದೆ ತೋರಿಸಿ, ಹೋಗಿ ನಿಲ್ತೀವಿ.

ಎಲ್ವುಡ್: ಅದೆಲ್ಲ ಬೇಡ. ಈ ಅಮ್ಮ ಒಳಗೆ ಹೋಗಲಿ. ಆ ಹೇಝಲ್ ಬಾಯಿಗೆ ನಮ್ಮ ಪಕ್ಷದವರೊಬ್ಬರು ಸಿಗಬಾರದು.

ಮರ್ಟಲ್: ಉಹುಂ, ಅಣ್ಣಾ ನೀವೇ ಹೋಗಿ. ಬೆಂಕಿ ಬಿದ್ರೆ ಫಾವಿರದಿಂದ ಪಂಪು ಬರುತ್ತಾ?

ಎಲ್ವುಡ್: ನೀವು ಹೋಗಿ ಅಂದೆ!

ಮರ್ಟಲ್: ನೀವು ಹೋಗದಿದ್ರೆ ನಾನಿಲ್ಲಿಂದ ಏಳೋಳಲ್ಲ!

ಎಲ್ವುಡ್: ಎಷ್ಟು ಹಟ ರೀ ನಿಮಗೆ! ಮನೇಲಿ ಹೇಗೆ ಸಹಿಸ್ತಾರೆ?

ಇದು ಮೊದಲಿನ ಜಗಳಕ್ಕಿಂತ ಜೋರಾಯಿತು. ಡಾಕ್ಟರು ಆಗಲೇ ಮೀನು ಹಿಡಿಯುವ ಟೋಪಿ ಹಾಕಿಕೊಂಡು ಹೊರಗೆ ಬಂದರು.

ಡಾಕ್ಟರ್ ಆರ್ಸೆನೋ: ನಿಮ್ಮ ಮರ್ಯಾದೆ ಮುಗಿಯೋದರೊಳಗೆ ಕೆರೆಯ ಮೀನೆಲ್ಲ ಮುದಿಯಾಗಿಬಿಡ್ತವೆ. ಇಬ್ಬರ ಸೆಟ್ಟೂ ಕೊಡಿ. ಒಟ್ಟಿಗೇ ಅಂಟಿಸ್ತೀನಿ.

ನಾನು ಎರಡು ಲೋಟ ತಂದೆ. ಹಲ್ಲುಸೆಟ್ಟು ತೆಗೆಯುವ ಮುಂಚೆ ಇಬ್ಬರೂ ಹೊಸ ಉತ್ಸಾಹದಲ್ಲಿ ನನ್ನ ಕಡೆ ಬಾಗಿದರು.

ಮರ್ಟಲ್: ಬರ್ನಡೆಟ್, ನೀನೂ ನಮ್ಮ ಕಡೆಯೇ ತಾನೇ? ಅದಕ್ಕೇ ಅಷ್ಟು ಸುಮ್ಮನೆ ಕೂತಿದ್ದೆ!

ಎಲ್ವುಡ್: ನೋಡಿದ್ರೇ ಗೊತ್ತಾಗುತ್ತೆ, ಒಳ್ಳೆಯವರು.

ನಾನು: ಮೊದಲು ಹಲ್ಲು ಕೊಡಿ. ಆಮೇಲೆ ಮಾತು.

ಎರಡು ಸೆಟ್ಟೂ ಲೋಟಕ್ಕೆ ಬಿದ್ದವು. ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಎದ್ದು ಫಲಕವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿದೆ, ಕುರ್ಚಿ ಎಳೆದುಕೊಂಡು ಇಬ್ಬರ ಎದುರಿಗೇ ಕೂತೆ.

ನಾನು: ಈಗ ಕೇಳಿ. ನಾನು ಈಚೆ ನೀಲಿ. ಆಚೆ ಹುಟ್ಟಿದ್ದರೆ ಕೆಂಪು. ಈ ದವಾಖಾನೆಗೆ ಬರೋರೆಲ್ಲ ನಮ್ಮ ಪಕ್ಷಕ್ಕೇ ಬೈತೀರಿ. ಒಂದೇ ಒಂದು ದಿನ ನನ್ನನ್ನ ಪೂರ್ತಿ ಮಾತಾಡೋಕೆ ಬಿಟ್ಟಿದ್ದೀರಾ? ಆ ಫಲಕ ಸುಮ್ಮನೆ ಹಾಕಿದ್ದಾ? ನೀವಿಬ್ಬರೂ ಒಂದೇ ಅಂತ ಮೊದಲೇ ಹೇಳಿಬಿಟ್ಟಿದ್ರೆ ಇಬ್ಬರೂ ಸೇರಿ ನನ್ನನ್ನ ಹುರಿದು ಮುಕ್ಕಿಬಿಡ್ತಿದ್ರಿ!

ಎಲ್ವುಡ್: ಫಾ! ಫುಫು ಫೂ!

ಮರ್ಟಲ್: ಫೋ ಫಾಫಿ!

ನಾನು: ಏನೂ ತಿಳೀಲಿಲ್ಲ. ಒಪ್ಪಿದ್ರಿ ಅಂತ ಬರ್ಕೊಳ್ತೀನಿ. ವಿರೋಧ ಪಕ್ಷ ಅಂದ್ರೆ ಹೀಗಿರಬೇಕು ನೋಡಿ, ಬಾಯಲ್ಲಿ ಒಂದು ಹಲ್ಲೂ ಇರಬಾರದು. ಈಗ ನಮ್ಮ ನಾಯಕರ ಮೊದಲ ಗುಣ ಹೇಳ್ತೀನಿ...

ಮೊದಲ ಗುಣ ಹೇಳಿದೆ. ಎರಡನೆಯದು ಹೇಳಿದೆ. ಇಬ್ಬರೂ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಿನಲ್ಲೇ ನನ್ನನ್ನು ಸುಡುತ್ತಿದ್ದರು. ನನಗಂತೂ ಆಕಾಶಕ್ಕೆ ಮೂರೇ ಗೇಣು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

ಡಾಕ್ಟರ್ ಆರ್ಸೆನೋ: ಬರ್ನಡೆಟ್! ಇನ್ನು ಐದೇ ನಿಮಿಷ, ಮುಗೀತು ಅಂತ ಹೇಳು!

ನಾನು: ಅವಸರ ಏನಿಲ್ಲ ಡಾಕ್ಟ್ರೇ, ನಿಧಾನವಾಗಿ ಮಾಡಿ! ನಾನಿನ್ನೂ ತೆರಿಗೆ ವಿಷಯಕ್ಕೇ ಬಂದಿಲ್ಲ!